ಮುನ್ನೂರ ಹನ್ನೆರಡು ಫೈಲುಗಳ ಬಾಲ

ನಮ್ಮ ಆಫೀಸಿಗೆ ಕಾಗದಪತ್ರ ಟೈಪ್ ಮಾಡಿಸಲು ಬಂದವರ ಕಣ್ಣು ಮೊದಲು ಬೀಳುವುದು ಅಕ್ಕನ ಬಲಗೈ ಮೇಲೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರೂ ಗೆಣ್ಣಿನಿಂದ ಆಚೆಗೆ ಸೊಟ್ಟಗಾಗಿವೆ. ಕೆಲವರು ಕೇಳಿಯೇಬಿಡುತ್ತಾರೆ. "ಡ್ರಾಯರಿಗೆ ಸಿಕ್ಕಿದ್ದು" ಎಂದು ಅಕ್ಕ ತಲೆ ಎತ್ತದೆ ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಸಿಕ್ಕಿಸಿದವರು ಯಾರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಾನು ಪಕ್ಕದ ಮೇಜಿನವಳು. ಎಂಟು ವರ್ಷ ಎದುರುಬದುರು ಕೂತು ಡಬ್ಬಿ ಬಿಚ್ಚಿ ಉಂಡಿದ್ದೇವೆ. ಇವತ್ತಿಷ್ಟು, ಆರು ತಿಂಗಳು ಬಿಟ್ಟು ಇನ್ನಿಷ್ಟು ಅಂತ ಅಕ್ಕ ಹೇಳಿದ್ದನ್ನೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಹೊಡೆತ ಅಕ್ಕನಿಗೆ ಹೊಸದಲ್ಲ. ಅವರಪ್ಪ ಲಾರಿ ಡ್ರೈವರು. ಮನೆಗೆ ಬಂದವನೇ ಬೆಲ್ಟು ಬಿಚ್ಚುತ್ತಿದ್ದ. ಅದು ಪ್ಯಾಂಟು ಸಡಿಲಿಸೋದಕ್ಕೋ, ಇನ್ನೊಂದಕ್ಕೋ ಅನ್ನುವುದು ಬಕಲ್ಲಿನ ಸದ್ದಿನಲ್ಲೇ ಮಕ್ಕಳಿಗೆ ತಿಳಿಯುತ್ತಿತ್ತಂತೆ. ಅಕ್ಕ ತಮ್ಮನನ್ನು ಎಳೆದುಕೊಂಡು ಮಂಚದ ಕೆಳಗೆ ನುಗ್ಗುತ್ತಿದ್ದರು. ಹದಿನೇಳಕ್ಕೆ ಟೈಪಿಂಗ್ ಕಲಿಯಲು ಸೇರಿದರೆ ಅಲ್ಲಿನ ಮೇಡಂ ಕೈಯಲ್ಲಿ ಸ್ಟೀಲ್ ಸ್ಕೇಲು. ಕೀಲಿಮಣೆ ನೋಡಿದರೆ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಆಗಷ್ಟೇ ಎರಡು ಕಂಪ್ಯೂಟರ್ ಬಂದಿದ್ದವು. ಕಪ್ಪು ಪರದೆ, ಮೌಸ್ ಇಲ್ಲ, ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಸ್ಕೇಲಿನ ಭಯಕ್ಕೆ ಆ ಆಜ್ಞೆಗಳೆಲ್ಲ ಬಾಯಿಪಾಠವಾದವು. ಮುಂದೆ ಬಣ್ಣದ ಪರದೆ ಬಂದು ಉಳಿದವರು ಅವನ್ನು ಮರೆತರು. ಅಕ್ಕ ಮರೆಯಲಿಲ್ಲ.

ಅಪ್ಪ ಸತ್ತ ಮೇಲೆ ಬೆಲ್ಟು ಗೋಡೆಯ ಮೊಳೆಗೆ ನೇತುಬಿತ್ತು. ಮನೆಯಲ್ಲಿ ಸದ್ದಡಗಿದ್ದು ನಾಲ್ಕೇ ವರ್ಷ. ಅಷ್ಟರಲ್ಲಿ ತಮ್ಮ ಕುಡಿಯಲು ಕಲಿತ. ಕುಡಿಯದಿದ್ದಾಗ ಅವನಷ್ಟು ಮೆತ್ತಗಿನವನಿಲ್ಲ, ಇರುವೆ ಸಾಲು ಕಂಡರೆ ದಾಟಿ ನಡೆಯುತ್ತಿದ್ದ. ಕುಡಿದರೆ ಅಪ್ಪನ ಕೈ ಇವನ ಕೈಗೆ ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಅಮ್ಮ ಬಾಟಲಿ ಬಚ್ಚಿಟ್ಟಳು ಅಂತ ಕಬ್ಬಿಣದ ಸ್ಟೂಲು ಎತ್ತಿ ಬೀಸಿದ. ಅಮ್ಮನ ಹೆಗಲೆಲುಬು ಲಟ್ಟನೆ ಮುರಿದದ್ದು ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿಸಿತು.

ಅಕ್ಕ ಆವತ್ತೇ ಫೋನ್ ಮಾಡಿದರು. ಊರಾಚೆ ಕುಡಿತ ಬಿಡಿಸುವ ಕೇಂದ್ರವೊಂದಿತ್ತು. ಅಕ್ಕ ಅಲ್ಲೇ ಕಂಪ್ಯೂಟರ್ ಕೆಲಸಕ್ಕಿದ್ದರು, ಸೇರಿ ಎರಡು ವರ್ಷವಾಗಿತ್ತು. ವ್ಯಾನು ಬಂತು. ನಾಲ್ವರು ಇಳಿದು ತಮ್ಮನನ್ನು ನೆಲಕ್ಕೆ ಕೆಡವಿ, ಕೈಕಾಲು ಕಟ್ಟಿ, ಮೂಟೆಯಂತೆ ಒಳಗೆ ಎಸೆದರು. ಅವನ ಹಣೆ ವ್ಯಾನಿನ ಬಾಗಿಲಿಗೆ ಬಡಿದು ರಕ್ತ ಚಿಮ್ಮಿತು.

"ಗೇಟು ಹಿಡಿದುಕೊಂಡು ನಿಂತಿದ್ದವಳು ನಾನೇ ಕಣೆ," ಅಂದರು ಅಕ್ಕ ನನಗೆ. "ಹೊಟ್ಟೆ ತಣ್ಣಗಾಯ್ತು. ಅದನ್ನೂ ಬರಕೋ."

ಕೇಂದ್ರ ಒಂದು ಹಳೆಯ ಗೋದಾಮು. ಒಂದೇ ನೆಲಮಹಡಿ, ಉದ್ದನೆಯ ಹಾಲ್, ನಡುವೆ ಸ್ನಾನದ ಅಂಗಳ, ಕಿಟಕಿಗೆಲ್ಲ ಜಾಲರಿ. ಎಂಬತ್ತು ಗಂಡಸರು. ಡೈರೆಕ್ಟರ್ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆದು ಮಾತು, ಯಾರ ಮನೆಯವರು ಬಂದರೂ ಎರಡೂ ಕೈ ಹಿಡಿದು ಮಾತಾಡಿಸುವವರು. ಒಳಗಿನ ಕಾರುಬಾರು ನೋಡುತ್ತಿದ್ದವನು ಮರಿ. ನೂರಿಪ್ಪತ್ತು ಕೆಜಿ ತೂಗುವವನಿಗೆ ಆ ಹೆಸರು ಯಾರಿಟ್ಟರೋ. ಅವನ ಕಂಕುಳಲ್ಲಿ ಯಾವಾಗಲೂ ಎರಡು ಅಡಿ ಉದ್ದದ ಕಪ್ಪು ಪೈಪು. ಹೊಸಬರಿಗೆ ಮೊದಲ ದಿನವೇ ಅದರ ಪರಿಚಯ. ಕೂಗು ಅಕ್ಕನ ಕೋಣೆಯವರೆಗೂ ಬರುತ್ತಿತ್ತು. ಅಕ್ಕ ಪ್ರಿಂಟರ್ ಹಾಕಿಬಿಡುತ್ತಿದ್ದರು. ಆ ಸದ್ದಿನಲ್ಲಿ ಈ ಸದ್ದು ಮುಳುಗುತ್ತಿತ್ತು. ಕುಡುಕರು, ಹೆಂಡತಿ ಮಕ್ಕಳನ್ನು ಚಚ್ಚಿ ಬಂದವರು, ತಿನ್ನಲಿ ಅಂತಲೂ ಅನ್ನಿಸುತ್ತಿತ್ತು.

ದಿನಾ ಬೆಳಿಗ್ಗೆ ಅಕ್ಕನಿಗೊಂದು ಕೆಲಸವಿತ್ತು. ಆರು ಕ್ಯಾಮೆರಾಗಳು ಪಕ್ಕದ ಕೋಣೆಯ ರೆಕಾರ್ಡಿಂಗ್ ಡಬ್ಬಿಗೆ ಚಿತ್ರ ತುಂಬುತ್ತಿದ್ದವು. ಒಂದೊಂದು ಕ್ಯಾಮೆರಾದ್ದು ದಿನಕ್ಕೆ ನಾಲ್ಕು ತುಂಡು, ಅವನ್ನು ತಮ್ಮ ಕಂಪ್ಯೂಟರಿಗೆ ಇಳಿಸಿ, ಹದಿಮೂರು ದಿನದ್ದು ಇಟ್ಟುಕೊಂಡು ಹಳೆಯದನ್ನು ಅಳಿಸಬೇಕು. ಆ ಡಬ್ಬಿ ತನ್ನ ಫೈಲುಗಳಿಗೆ ತನ್ನದೇ ಒಂದು ಬಾಲ ಹಚ್ಚುತ್ತಿತ್ತು. ಫೈಲಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಬರುವ ಮೂರು ಅಕ್ಷರಕ್ಕೆ ಅಕ್ಕ ಬಾಲ ಅನ್ನುತ್ತಿದ್ದರು. ಕಂಪ್ಯೂಟರ್ ಬಾಲ ನೋಡಿಯೇ ಇದು ಹಾಡು, ಇದು ಪತ್ರ, ಇದು ವಿಡಿಯೋ ಅಂತ ಗುರುತು ಹಿಡಿಯುವುದು. ಡಬ್ಬಿಯ ಬಾಲವಿದ್ದರೆ ಸಾಹೇಬರ ಕಂಪ್ಯೂಟರಿನಲ್ಲಿ ಚಿತ್ರ ತೆರೆಯುತ್ತಿರಲಿಲ್ಲ. ಒಂದೊಂದನ್ನೇ ಬದಲಾಯಿಸುತ್ತ ಕೂತರೆ ಬೆಳಗ್ಗೆಯೆಲ್ಲ ಅದೇ ಆಗುತ್ತಿತ್ತು. ಅಕ್ಕ ಕಪ್ಪು ಪರದೆ ತೆರೆದು ಒಂದೇ ಸಾಲು ಹೊಡೆಯುತ್ತಿದ್ದರು. ಅದರಲ್ಲಿ ಹೆಸರಿನ ಜಾಗದಲ್ಲಿ ಒಂದು ನಕ್ಷತ್ರದ ಗುರುತು. ನಕ್ಷತ್ರ ಅಂದರೆ ಹೆಸರು ಏನೇ ಇರಲಿ, ಎಲ್ಲವೂ ಎಂದು ಅರ್ಥ. ಎಂಟರ್ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲದರ ಬಾಲ mp4 ಆಗಿ, ಎಲ್ಲವೂ ವಿಡಿಯೋ ಆಗಿ ನಿಲ್ಲುತ್ತಿದ್ದವು.

"ಒಳಗಿರೋದು ಬದಲಾಗಲ್ಲ, ಬಾಲ ಮಾತ್ರ," ಅಂತ ಸಾಹೇಬರಿಗೆ ಎರಡು ಸಲ ಹೇಳಿಕೊಟ್ಟಿದ್ದರು. ಸಾಹೇಬರು ಕೇಳಿದಂತೆ ತಲೆಯಾಡಿಸಿದ್ದರು. ಅವರಿಗೆ ಬೇಕಿದ್ದದ್ದು ಮನೆಯವರಿಗೆ ತೋರಿಸಲು ಯೋಗ ಮಾಡುವ, ಊಟಕ್ಕೆ ಕೂತ ಚೂರು ಚಿತ್ರಗಳು. ಅಕ್ಕ ಫೈಲು ತೆರೆದು ನೋಡುತ್ತಿರಲಿಲ್ಲ. ನೋಡದಿರುವುದು ಆ ಕೆಲಸದ ಮುಖ್ಯ ಭಾಗವಾಗಿತ್ತು.

ತಮ್ಮ ಸೇರಿ ಹತ್ತನೆಯ ದಿನಕ್ಕೆ, ಒಂದು ಮಂಗಳವಾರ, ಅಕ್ಕ ಕೆಲಸಕ್ಕೆ ಬಂದಾಗ ಹಿಂದಿನ ಗೇಟಿನಿಂದ ಆಂಬುಲೆನ್ಸ್ ಹೊರಡುತ್ತಿತ್ತು. ಸೈರನ್ ಹಾಕಿರಲಿಲ್ಲ. ಸಾಹೇಬರು ಕೋಣೆಗೆ ಬಂದು, "ಡ್ರಾಯಿಂಗ್ ಮೇಷ್ಟ್ರು ಹೋಗ್ಬಿಟ್ರಮ್ಮ. ಒಂದು ಪತ್ರ ಬರೀಬೇಕು," ಅಂದರು.

ಮೇಷ್ಟ್ರು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವರು, ಐವತ್ತೈದರ ಮೇಲಾಗಿತ್ತು. ಸೇರುವ ದಿನ ಅರ್ಜಿ ತುಂಬಿಸುತ್ತಿದ್ದ ಅಕ್ಕನ ಮುಖವನ್ನು ಅರ್ಜಿಯ ಹಿಂಬದಿಯಲ್ಲೇ ಗೀಚಿ ಕೊಟ್ಟಿದ್ದರು.

"ಬೆಳಿಗ್ಗೆ ಮೆಟ್ಟಿಲಿನಿಂದ ಜಾರಿ ಬಿದ್ದು..." ಎಂದು ಸಾಹೇಬರು ಶುರುಮಾಡಿದರು.

"ಸರ್, ಇಲ್ಲಿ ಮೆಟ್ಟಿಲಿಲ್ಲ."

"ಹೌದಲ್ಲ. ಬಾತ್‌ರೂಮ್ ಅಂತ ಹಾಕು."

ಅಕ್ಕ ಹಾಕಿದರು. ಸಹಿಯಾದ ಪತ್ರ ಹಿಡಿದು ಸಾಹೇಬರು ಹೋದ ಮೇಲೆ ಬಾಗಿಲು ಒರಗಿಸಿ, ಎರಡು ವರ್ಷದಲ್ಲಿ ಮೊದಲ ಸಲ ಫೈಲೊಂದನ್ನು ತೆರೆದರು. ಸೋಮವಾರ ಮಧ್ಯಾಹ್ನದ್ದು, ಸ್ನಾನದ ಅಂಗಳದ ಕ್ಯಾಮೆರಾ.

ಮೂರು ಗಂಟೆ ಇಪ್ಪತ್ತು ನಿಮಿಷ. ಬಿಸಿಲು ಚೆನ್ನಾಗಿತ್ತು. ಅಂಗಳದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ದೊಡ್ಡ ಚಿತ್ರ. ಮರಿ, ತೊಟ್ಟಿಲಿನಲ್ಲಿ ಮಲಗಿ ಪೈಪು ಚೀಪುತ್ತಿದ್ದಾನೆ. ಸುತ್ತ ನಿಂತವರು ನಗುತ್ತಿರುವುದು ಕಾಣುತ್ತಿತ್ತು. ಆಮೇಲೆ ಒಬ್ಬೊಬ್ಬರೇ ನಗು ನುಂಗಿ ಗೋಡೆಗೆ ಅಂಟಿಕೊಂಡರು. ಮರಿ ಬಂದ. ಮೇಷ್ಟ್ರ ಕೂದಲು ಹಿಡಿದು ಮುಖವನ್ನು ಚಿತ್ರಕ್ಕೆ ಉಜ್ಜಿದ, ಒರೆಸುವ ಬಟ್ಟೆಯ ಹಾಗೆ, ಮೇಲೆ ಕೆಳಗೆ. ಇದ್ದಿಲ ಮೇಲೆ ರಕ್ತ ಎಳೆಯಿತು. ಅವರನ್ನು ಬೆತ್ತಲೆ ಮಾಡಿ ಕೊಳಾಯಿಯ ಕಂಬಕ್ಕೆ ಕಟ್ಟಿದರು. ಮರಿ ಪೈಪನ್ನು ತಾನು ಹಿಡಿಯಲಿಲ್ಲ. ಸಾಲಿನಲ್ಲಿ ನಿಂತವನೊಬ್ಬನ ಕೈಗೆ ಕೊಟ್ಟ. ಅವನು ತಿರುಗಿದ.

ತಮ್ಮ.

ಮೊದಲ ಏಟು ಮೆಲ್ಲಗೆ ಬಿತ್ತು. ಮರಿ ತಮ್ಮನ ಕಿವಿಯ ಹತ್ತಿರ ಏನೋ ಹೇಳಿದ. ಎರಡನೆಯದಕ್ಕೆ ಮೇಷ್ಟ್ರ ಮೊಣಕಾಲು ಕುಸಿಯಿತು. ಆಮೇಲೆ ತಮ್ಮ ನಿಲ್ಲಿಸಲಿಲ್ಲ. ಪಕ್ಕೆ, ಬೆನ್ನು, ತೊಡೆ, ಮತ್ತೆ ಪಕ್ಕೆ. ಭುಜ ಹಿಂದಕ್ಕೆಳೆದು, ಸೊಂಟ ತಿರುಗಿಸಿ ಬೀಸುವ ರೀತಿ ಅಕ್ಕನಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಅಪ್ಪ ಹಾಗೇ ಬೀಸುತ್ತಿದ್ದ. ಮೇಷ್ಟ್ರ ತಲೆ ಎದೆಗೆ ಬಿದ್ದ ಮೇಲೂ ಹನ್ನೊಂದು ಏಟು ಬಿದ್ದವು. ಅಕ್ಕ ಎಣಿಸಿದ್ದರು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಧಡಾರ್ ಅಂತು. ಮರಿ ಕಬ್ಬಿಣದ ರಾಡಿನಿಂದ ರೆಕಾರ್ಡಿಂಗ್ ಡಬ್ಬಿ ಒಡೆಯುತ್ತಿದ್ದ. "ಒಳಗಿನ ಡಿಸ್ಕ್ ಬಿಲ್ಲೆ ತೆಗೆದು ಅದನ್ನೂ ಜಜ್ಜು," ಸಾಹೇಬರ ಮೆದು ದನಿ ಗೋಡೆಯಾಚೆಯಿಂದ ಕೇಳುತ್ತಿತ್ತು. "ಆಮೇಲೆ ಆ ಅಕ್ಕನ ಕಂಪ್ಯೂಟರ್ ನೋಡೋಣ."

ಅಕ್ಕನಿಗೆ ಸಿಕ್ಕಿದ್ದು ಆ ಬಿಲ್ಲೆ ಜಜ್ಜುವಷ್ಟು ಹೊತ್ತು. ಕಪ್ಪು ಪರದೆ ತೆರೆದರು. ಆವತ್ತು ಬೆಳಿಗ್ಗೆ ಇಳಿಸಿದ್ದೂ ಸೇರಿ ಮುನ್ನೂರ ಹನ್ನೆರಡು ಫೈಲುಗಳಿದ್ದವು. ಸೋಮವಾರದ ಆ ಒಂದು ಫೈಲನ್ನು ಅಳಿಸಿ ಉಳಿದದ್ದನ್ನು ಉಳಿಸಬಹುದಿತ್ತು. ಅದರ ಹೆಸರು ಕಣ್ಣೆದುರೇ ಇತ್ತು. ಅಳಿಸಲು ಒಂದು ಸಾಲು ಸಾಕು. ಬೆರಳು ಆ ಸಾಲಿನ ಮೊದಲ ಅಕ್ಷರವನ್ನು ಹೊಡೆದೂ ಬಿಟ್ಟಿತು ಅನ್ನುತ್ತಾರೆ ಅಕ್ಕ. ಆಮೇಲೆ ಆ ಅಕ್ಷರವನ್ನು ಅಳಿಸಿದರು. ಯಾಕೆ ಅಂತ ಕೇಳಿದ್ದೆ. "ಗೊತ್ತಿಲ್ಲ ಕಣೆ. ಮೇಷ್ಟ್ರ ಕಾಲು ಕುಸಿದದ್ದು ಕಣ್ಣಲ್ಲೇ ಇತ್ತು," ಅಂದರು. ನಕ್ಷತ್ರ ಹೊಡೆದರು. ಎಲ್ಲದರ ಬಾಲ mp4ನಿಂದ dat ಆಯಿತು, ಕಂಪ್ಯೂಟರಿನ ಲೆಕ್ಕಕ್ಕೆ ಅವು ಇನ್ನು ವಿಡಿಯೋ ಅಲ್ಲ. ಇನ್ನೊಂದು ಸಾಲಿನಲ್ಲಿ ಅವನ್ನೆಲ್ಲ ಪ್ರಿಂಟರಿನ ಹಳೆಯ ಸಾಮಾನು ಬಿದ್ದಿರುವ ಫೋಲ್ಡರಿಗೆ ಸಾಗಿಸಿದರು. ಕಪ್ಪು ಪರದೆ ಮುಚ್ಚುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಮರಿ ರಾಡು ಎತ್ತಿದ. "ಇದನ್ನೂ ಒಡೆದುಬಿಡ್ಲಾ ಸರ್?"

"ಬೇಡ. ಲೈಸೆನ್ಸಿನ ಕಾಗದ ಎಲ್ಲ ಅದರಲ್ಲಿದೆ." ಸಾಹೇಬರು ಅಕ್ಕನ ಪಕ್ಕ ಬಗ್ಗಿ ವಿಡಿಯೋ ಫೋಲ್ಡರ್ ತೆರೆಸಿದರು. ಖಾಲಿ. ಅವರ ಕಣ್ಣು ಕಿರಿದಾಯಿತು. "ಇದೇನು?"

"ನಾನೇ ಅಳಿಸಿದೆ ಸರ್."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅದರಲ್ಲಿ ನನ್ನ ತಮ್ಮ ಇದ್ದಾನೆ."

ಸಾಹೇಬರು ಕಂಪ್ಯೂಟರಿನ ಕಸದ ಬುಟ್ಟಿ ತೆರೆಸಿ ನೋಡಿದರು, ಇಡೀ ಕಂಪ್ಯೂಟರಿನಲ್ಲಿ ವಿಡಿಯೋ ಹುಡುಕಿಸಿದರು. ಏನೂ ಸಿಗಲಿಲ್ಲ. ಅವರ ಹೆಗಲು ಸಡಿಲಾಯಿತು. "ಒಡಹುಟ್ಟಿದವಳು ಅಂದ್ರೆ ಹೀಗಿರಬೇಕು ನೋಡು," ಅಂದರು ಮರಿಗೆ. ಬಾಗಿಲ ಹತ್ತಿರ ಹೋಗಿ ತಿರುಗಿ, "ಆದ್ರೂ ಬಾಯಿ ಬಿಗಿ ಇರಬೇಕಲ್ಲ," ಅಂದು ಹೊರಗೆ ಹೋದರು.

ಮರಿ ಕಬ್ಬಿಣದ ಬೀರುವಿನ ಡ್ರಾಯರ್ ಎಳೆದ. ಅಕ್ಕನ ಬಲ ಮಣಿಕಟ್ಟು ಹಿಡಿದು ಬೆರಳುಗಳನ್ನು ಅಂಚಿನ ಮೇಲೆ ಸಾಲಾಗಿ ಜೋಡಿಸಿದ. "ಅಕ್ಕಾ, ತಪ್ಪು ತಿಳೀಬೇಡಿ," ಎಂದು ಹೇಳಿ, ಮೈಭಾರವನ್ನೆಲ್ಲ ಹಾಕಿ ಡ್ರಾಯರಿಗೆ ಒದ್ದ. ಒಮ್ಮೆ ಒದ್ದಾಗ ಎರಡು ಬೆರಳು ಮುರಿದವು. ಮೂರನೆಯದು ಉಳಿಯಿತೆಂದು ಕಂಡಿತೇನೋ, ಎಳೆದು ಇನ್ನೊಮ್ಮೆ ಒದ್ದ. ಅಕ್ಕ ಬೀರುವಿಗೆ ಒರಗಿಕೊಂಡೇ ವಾಂತಿ ಮಾಡಿಕೊಂಡರು.

ಮರುದಿನ ಬ್ಯಾಂಡೇಜು ಸುತ್ತಿಕೊಂಡು ಕೆಲಸಕ್ಕೆ ಬಂದರು. ಬಾರದಿದ್ದರೆ ಆ ಕಂಪ್ಯೂಟರಿನ ಮುಂದೆ ಬೇರೆಯವರು ಕೂರುತ್ತಿದ್ದರು. ಮರಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ಎಡಗೈಯ ಒಂದು ಬೆರಳಿನಲ್ಲಿ ಟೈಪ್ ಮಾಡುವುದನ್ನು ನೋಡಿ, "ಕೋಳಿ ಕಾಳು ಹೆಕ್ಕಿದ ಹಾಗಿದೆಯಲ್ಲಕ್ಕ," ಅಂತ ನಗುತ್ತಿದ್ದ. ಅಕ್ಕನೂ ನಕ್ಕರಂತೆ. ಹೊರಗೆ ಹೋಗುವಾಗ ಫೋನು, ಚೀಲ ಎಲ್ಲ ತಡಕಿ ಕಳಿಸುತ್ತಿದ್ದ. ಪೊಲೀಸ್ ಠಾಣೆಗೆ ಹೋಗಿ ಹೇಳೋಣವೆಂದರೆ ತಮ್ಮ ಒಳಗಿದ್ದ. ಅಲ್ಲಿಂದ ಒಂದು ಜೀಪು ಹೊರಡುವುದರೊಳಗೆ ಇಲ್ಲಿ ಏನು ಬೇಕಾದರೂ ಆಗಬಹುದಿತ್ತು.

ಮೇಷ್ಟ್ರ ಹೆಂಡತಿ ಹೆಣವನ್ನು ಮನೆಗೆ ಒಯ್ಯಲು ಒಪ್ಪಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕೂತು, ಕೊಯ್ದು ನೋಡಿ ಅಂದರು. ನೋಡಿದರೆ ಏಳು ಪಕ್ಕೆಲುಬು ಮುರಿದಿದ್ದವು, ಒಂದು ಮೂಳೆ ಶ್ವಾಸಕೋಶಕ್ಕೆ ಹೊಕ್ಕಿತ್ತು. ಐದನೆಯ ದಿನ ಹನ್ನೊಂದು ಗಂಟೆಗೆ ಎರಡು ಜೀಪುಗಳು ಬಂದವು. ಇನ್ಸ್‌ಪೆಕ್ಟರ್ ಹೆಂಗಸು, ನಡುವಯಸ್ಸು, ಯಾರು ಕೊಟ್ಟ ಕುರ್ಚಿಯಲ್ಲೂ ಕೂರಲಿಲ್ಲ. ಸಾಹೇಬರು ಎರಡೂ ಕೈ ಜೋಡಿಸಿ, "ಶಾರ್ಟ್ ಸರ್ಕ್ಯೂಟ್ ಮೇಡಂ, ಕ್ಯಾಮೆರಾ ಡಬ್ಬಿ ಸುಟ್ಟುಹೋಯ್ತು, ಬಿಸಾಕಿದ್ವಿ," ಅಂದರು. ಜೊತೆಗೆ ಬಂದಿದ್ದ ಟೆಕ್ನಿಷಿಯನ್ ಅಕ್ಕನನ್ನು ಎಬ್ಬಿಸಿ ಕಂಪ್ಯೂಟರಿನಲ್ಲಿ ವಿಡಿಯೋ ಹುಡುಕಿದ. "ಏನೂ ಇಲ್ಲ ಮೇಡಂ," ಅಂತ ಎದ್ದ.

ಇನ್ಸ್‌ಪೆಕ್ಟರ್ ಬಾಗಿಲ ಕಡೆ ಹೆಜ್ಜೆ ಇಟ್ಟರು. ಮರಿ ದಾರಿ ಬಿಟ್ಟು ನಿಂತ.

"ಮೇಡಂ, ಒಂದು ನಿಮಿಷ," ಎಂದು ಅಕ್ಕ ಕುರ್ಚಿಯಲ್ಲಿ ಕೂತರು. ಎಡಗೈಯ ತೋರುಬೆರಳು. ಒಂದೊಂದೇ ಅಕ್ಷರ. ಪ್ರಿಂಟರಿನ ಫೋಲ್ಡರಿಗೆ ಹೋಗಲು ಒಂದು ಸಾಲು. ನಡುವೆ ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದರು. ಕೋಣೆಯಲ್ಲಿ ಯಾರಿಗೂ ಏನಾಗುತ್ತಿದೆ ಅಂತ ತಿಳಿಯಲಿಲ್ಲ. ಎರಡನೆಯ ಸಾಲು, ನಕ್ಷತ್ರ, dat, ನಕ್ಷತ್ರ, mp4. ಎಂಟರ್. ಫೋಲ್ಡರ್ ತೆರೆದಾಗ ಪರದೆಯ ತುಂಬ ಪುಟ್ಟಪುಟ್ಟ ಚಿತ್ರಗಳು ಮೂಡತೊಡಗಿದವು. ಅಂಗಳ, ಹಾಲ್, ಅಂಗಳ, ಕಾರಿಡಾರು.

ಮರಿಗೆ ಮೊದಲು ಅರ್ಥವಾಯಿತು. ಒಂದೇ ಜಿಗಿತಕ್ಕೆ ಬಂದು ಅಕ್ಕನ ತಲೆಯನ್ನು ಮೇಜಿಗೆ ಅಪ್ಪಳಿಸಿದ. ಮುಂದಿನ ಎರಡು ಹಲ್ಲು ಕೀಲಿಮಣೆಯ ಮೇಲೆ ಬಿದ್ದವು. ಎರಡನೆಯ ಸಲ ಅಪ್ಪಳಿಸುವುದರೊಳಗೆ ಇನ್ಸ್‌ಪೆಕ್ಟರ್ ಲಾಠಿ ಅವನ ಮೊಣಕೈ ಮೇಲೆ ಬಿತ್ತು, ಆಮೇಲೆ ಮೊಣಕಾಲ ಮೇಲೆ. ಬಿದ್ದವನ ಬೆನ್ನ ಮೇಲೆ ಮೂವರು ಕಾನ್‌ಸ್ಟೆಬಲ್‌ಗಳು ಕೂರಬೇಕಾಯಿತು. ಸಾಹೇಬರು ಕದಲಲಿಲ್ಲ. ಬಿಳಿ ಅಂಗಿಯ ಮೇಲೆ ಅಕ್ಕನ ರಕ್ತ ಎರಡು ಹನಿ ಸಿಡಿದಿತ್ತು, ಅದನ್ನು ಕರವಸ್ತ್ರದಿಂದ ಒರೆಸಲು ನೋಡುತ್ತಿದ್ದರು.

ಅಕ್ಕ ಬಾಯಿಗೆ ಬಟ್ಟೆ ಒತ್ತಿಕೊಂಡು, ಎಡಗೈಯಲ್ಲೇ ಸೋಮವಾರದ ಫೈಲು ತೋರಿಸಿದರು.

"ಪೈಪು ಹಿಡಿದಿರೋನು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ತಮ್ಮ."

ತಮ್ಮನನ್ನು ಕರೆತಂದು ಪರದೆಯ ಮುಂದೆ ನಿಲ್ಲಿಸಿದರು. "ಅದು ನಾನಲ್ಲ," ಅಂದ. ಚಿತ್ರ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ತನ್ನ ಕೈಯನ್ನೇ ಕಚ್ಚಿಕೊಂಡ, ರಕ್ತ ಬರುವವರೆಗೂ. ಬಿಡಿಸಲು ಇಬ್ಬರು ಬೇಕಾಯಿತು.

ಕೇಸು ಎರಡು ವರ್ಷ ನಡೆಯಿತು. ಕೋರ್ಟಿನವರು ಮುನ್ನೂರ ಹನ್ನೆರಡನ್ನೂ ನೋಡಿದರು. ಅಕ್ಕ ನೋಡದೇ ಬಿಟ್ಟಿದ್ದೆಲ್ಲ ಅವುಗಳಲ್ಲಿತ್ತು. ಹತ್ತೊಂಬತ್ತರಲ್ಲಿ ತಮ್ಮನ ಕೈಯಲ್ಲಿ ಪೈಪಿತ್ತು. ಅದಕ್ಕಿಂತ ಮುಂಚಿನ ಹದಿನಾಲ್ಕರಲ್ಲಿ ಅವನೇ ಕೊಳಾಯಿ ಕಂಬದಲ್ಲಿದ್ದ. ಸೇರಿದ ಎರಡನೆಯ ದಿನದಿಂದ ಆರನೆಯ ದಿನದವರೆಗೆ ಅವನನ್ನು ಕಟ್ಟಿ ಹೊಡೆದಿದ್ದರು. ಏಳನೆಯ ದಿನ ಮರಿ ಅವನ ಹಗ್ಗ ಬಿಚ್ಚಿ, ಪೈಪು ಕೈಗಿಟ್ಟು, ಪಕ್ಕದವನನ್ನು ತೋರಿಸಿದ್ದ. ಜಡ್ಜು ಅದನ್ನೂ ಗಣನೆಗೆ ತೆಗೆದುಕೊಂಡರು. ಸಾಹೇಬರಿಗೂ ಮರಿಗೂ ಹದಿನಾಲ್ಕು ವರ್ಷ, ತಮ್ಮನಿಗೆ ಐದು.

ತೀರ್ಪಿನ ದಿನ ಮೇಷ್ಟ್ರ ಹೆಂಡತಿ ಕಾರಿಡಾರಿನ ಬೆಂಚಿನಲ್ಲಿ ಅಕ್ಕನ ಪಕ್ಕ ಬಂದು ಕೂತರು.

"ಅವರು ಕೂಗಿಕೊಂಡ್ರಾ?" ಕೇಳಿದರು.

"ಕ್ಯಾಮೆರಾದಲ್ಲಿ ಸದ್ದು ಬರಲ್ಲಮ್ಮ."

"ನೀವು ಅಲ್ಲೇ ಇದ್ರಲ್ಲ. ಸೋಮವಾರ."

ಅಕ್ಕ ಹೌದು ಅಂದರು. ಪ್ರಿಂಟರ್ ಹಾಕಿದ್ದೆ ಅಂದರು. ಆ ಹೆಂಗಸು ಎದ್ದು ಹೋದರು.

ಅಮ್ಮ ಅಕ್ಕನ ಜೊತೆ ಮಾತು ಬಿಟ್ಟದ್ದು ಆವತ್ತಿನಿಂದ. ಹೆಗಲು ಮುರಿಸಿಕೊಂಡವಳು ಅಮ್ಮನೇ, ಆದರೂ ಅವಳ ಲೆಕ್ಕದಲ್ಲಿ ಮಗನನ್ನು ಜೈಲಿಗೆ ಕಳಿಸಿದವಳು ಮಗಳು. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕೊಟ್ಟ ಮಾತ್ರೆ ನುಂಗುತ್ತಿದ್ದಳು. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದಳು. ಅಕ್ಕ ನಮ್ಮ ಆಫೀಸಿಗೆ ಸೇರಿದ್ದು ಆಗಲೇ. ಜೈಲಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದರು. ಮೊದಲ ವರ್ಷ ತಮ್ಮ ಭೇಟಿಗೆ ಬರಲೇ ಇಲ್ಲ. ಎರಡನೆಯ ವರ್ಷ ಬಂದು ಜಾಲರಿಯಾಚೆ ನಿಂತು ಕೇಳಿದ, "ನಂದೊಂದನ್ನ ತೆಗೆದುಬಿಡಬಹುದಿತ್ತಲ್ಲ?"

"ತೆಗೀಬಹುದಿತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

"ನೀನು ಹೊಡೆದಿದ್ದೆ ಕಣೋ."

ಅವನು ಜಾಲರಿಗೆ ತಲೆ ಗುದ್ದಿಕೊಂಡ. ಕಾವಲಿನವನು ಎಳೆದುಕೊಂಡು ಹೋದ.

ಬಿಡುಗಡೆಯಾದ ಮೇಲೆ ಅವನು ಮನೆಗೆ ಬರಲಿಲ್ಲ. ಬೇರೆ ಊರಿನಲ್ಲಿ ಲಾಂಡ್ರಿಯೊಂದರಲ್ಲಿ ದೊಡ್ಡ ಯಂತ್ರಗಳಿಗೆ ಬಟ್ಟೆ ತುಂಬುವ ಕೆಲಸ ಹಿಡಿದ. ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡುತ್ತಾನೆ, ಕುಡಿದಿಲ್ಲ ಅನ್ನುತ್ತಾನೆ. ಅಮ್ಮ ಆಮೇಲೆ ಅದನ್ನು ಗೋಡೆಗೆ ವರದಿ ಮಾಡುತ್ತಾಳೆ. ಅಕ್ಕ ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಾರೆ.

ಹೋದ ತಿಂಗಳು ಒಂದು ಭಾನುವಾರ ಅಮ್ಮ ಅಡುಗೆಮನೆಗೆ ಬಂದು ಫೋನು ಚಾಚಿದಳಂತೆ. "ನಿನ್ನ ಹತ್ರ ಮಾತಾಡಬೇಕಂತೆ," ಅಂದಳು. ಎಂಟು ವರ್ಷಕ್ಕೆ ಅದೇ ಮೊದಲ ಮಾತು.

"ಅಕ್ಕಾ," ಅಂದ ತಮ್ಮ. "ಬೆಳಿಗ್ಗೆ ಲಾಂಡ್ರಿಯಲ್ಲಿ ಮೇಸ್ತ್ರಿ ಒಬ್ಬ ಮುದುಕನ ಕೆನ್ನೆಗೆ ಬಾರಿಸಿದ. ಬಟ್ಟೆ ಸುಟ್ಟ ಅಂತ. ನನ್ನ ಕೈ ಎದ್ದುಬಿಡ್ತು."

"ಆಮೇಲೆ?"

"ಮೇಸ್ತ್ರಿ ಕತ್ತು ಹಿಡಿದೆ. ಯಂತ್ರದ ಬಾಯಿ ತೆರೆದಿತ್ತು, ಅಷ್ಟು ಹತ್ತಿರ. ಆಮೇಲೆ ಬಿಟ್ಟೆ."

"ಅವನಿಗೆ ಏಟು ಬಿತ್ತಾ?"

"ಇಲ್ಲ. ಕೆಲಸ ಹೋಯ್ತು."

"ಆ ಮುದುಕ ಹೇಗಿದ್ದಾರೆ?" ಅಂತ ಅಕ್ಕ ಕೇಳಿದರು. ತಮ್ಮ ಹೇಳಿದ, ಮುದುಕನ ಕಿವಿಯಿಂದ ರಕ್ತ ಬರುತ್ತಿತ್ತು, ನಾನೇ ಆಸ್ಪತ್ರೆಗೆ ಕರೆದುಕೊಂಡು ಬಂದೆ, ಈಗ ಇಲ್ಲೇ ಹೊರಗೆ ಕೂತಿದ್ದೇನೆ, ಡಾಕ್ಟರು ಇನ್ನೂ ಕರೆದಿಲ್ಲ. ಅಕ್ಕ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಡಾಕ್ಟರ್ ಕರೆಯುವವರೆಗೂ ಅವನ ಜೊತೆ ಮಾತಾಡುತ್ತಲೇ ಇದ್ದರು.